ವಿತಂಡೆಯ ಭಯ

ಕುಂಬಳೆ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

‘ಹೀಗೇ ನಡೆದರೆ ನಾನೂ ಒಬ್ಬ ವಿತಂಡವಾದಿಯಾಗಿಬಿಡುತ್ತೇನೆಯೇ’ ಎಂದು ನೀನು ಬರೆದಿರುವೆ. ಉಳಿದ ಸಂಗತಿಗಳನ್ನೆಲ್ಲ ಓದಿ ಸಂತೋಷಪಟ್ಟ ಮೇಲೂ ಆ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. ನಮ್ಮದೆಂದು ಏನನ್ನೂ ಸ್ಥಾಪಿಸದೆ, ಕೋರ್ಟಿನಲ್ಲಿ ಆರೋಪಿಯ ಪರವಾಗಿ ನಿಂತು ಎದುರಿನವರ ಸಾಕ್ಷ್ಯವನ್ನು ಕೆಡಹುವುದಷ್ಟೇ ಕೆಲಸವಾಯಿತೆಂಬುದು ನಿನ್ನ ಅಳಲು. ಪಾಟೀಸವಾಲಿನಲ್ಲಿ ಸಾಕ್ಷಿಗೆ ಹಾಕಿದ ಒಂದು ಪ್ರಶ್ನೆ ನಿನ್ನನ್ನು ಬಹಳ ಕಾಡಿತೆಂದೂ ಹೇಳಿರುವೆ.

ಆಡುಮಾತಿನಲ್ಲಿ ವಿತಂಡವೆಂದರೆ ಮೊಂಡುವಾದ. ಶಾಸ್ತ್ರದಲ್ಲಿ ಅದಕ್ಕೆ ಅಷ್ಟು ಕೆಟ್ಟ ಹೆಸರಿಲ್ಲ. ‘ತಂಡ್’ ಎಂದರೆ ಹೊಡೆಯುವುದು. ಯಾವುದರಿಂದ ಪರಪಕ್ಷಕ್ಕೆ ಪೆಟ್ಟು ಬೀಳುತ್ತದೋ ಅದು ವಿತಂಡೆಯೆಂದು ನಿಘಂಟುಕಾರರು ಬಿಡಿಸುತ್ತಾರೆ. ತರ್ಕಶಾಸ್ತ್ರದ ಮೂಲಗ್ರಂಥವಾದ ಗೌತಮನ ನ್ಯಾಯಸೂತ್ರ ಎಣಿಸುವ 16 ಪದಾರ್ಥಗಳಲ್ಲಿ, ಎಂದರೆ ತಿಳಿಯಬೇಕಾದ ವಿಷಯಗಳಲ್ಲಿ, ವಾದ, ಜಲ್ಪ, ವಿತಂಡೆಗಳು ಸಾಲಾಗಿ ಬರುತ್ತವೆ: ತತ್ತ್ವವನ್ನು ತಿಳಿಯಲು ಆಡುವುದು ವಾದ, ಗೆಲ್ಲಲು ಆಡುವುದು ಜಲ್ಪ, ಆ ಜಲ್ಪದಲ್ಲಿಯೇ ತನ್ನ ಪಕ್ಷವನ್ನು ಸ್ಥಾಪಿಸದೆ ಇರುವುದು ವಿತಂಡೆ. ಮೊಳಕೆಯನ್ನು ಕಾಯಲು ಮುಳ್ಳುಕೊಂಬೆಗಳ ಬೇಲಿ ಹಾಕುವಂತೆ, ನಿಶ್ಚಯಿಸಿಕೊಂಡ ತತ್ತ್ವವನ್ನು ಕಾಯಲು ಜಲ್ಪವಿತಂಡೆಗಳಿವೆಯೆಂದು ನಾಲ್ಕನೆಯ ಅಧ್ಯಾಯದಲ್ಲಿ ಸೂತ್ರಕಾರನೇ ಹೇಳುತ್ತಾನೆ. ಅಪರಾಧವನ್ನು ರುಜುಪಡಿಸುವ ಹೊಣೆ ಆರೋಪ ಹೊರಿಸಿದವರದಾಗಿರುವಾಗ, ಆರೋಪಿಯ ವಕೀಲೆ ವಿತಂಡೆಯನ್ನು ಹಿಡಿದರೆ ಅದು ಅವಳ ಧರ್ಮವೇ ಅಲ್ಲವೇ?

ಆದರೂ ನಿನ್ನ ಭಯ ಬರಿಯ ಭ್ರಮೆಯೆನ್ನಲಾರೆ. ನೀನು ಕಂಡು ಹೇಸಿದ್ದು ಬಹುಶಃ ವಿತಂಡೆಯನ್ನಲ್ಲ, ಛಲವನ್ನು. ನಾವು ಮೆಚ್ಚಿಕೊಂಡು ಹೇಳುವ ಹಟದ ಛಲವಲ್ಲ ಅದು. ಆಡಿದವನು ಉದ್ದೇಶಿಸದ ಅರ್ಥವನ್ನು ಅವನ ಮಾತಿಗೆ ಅಂಟಿಸುವುದು. ‘ನವ’ ಎಂದರೆ ಹೊಸದೂ ಹೌದು, ಒಂಬತ್ತೂ ಹೌದು. ಒಬ್ಬನು ‘ನವಕಂಬಲ’ ಎಂದು ಹೊಸ ಕಂಬಳಿ ಹೊದ್ದವನನ್ನು ತೋರಿಸಿದರೆ, ‘ಒಂದೇ ಇದೆ, ಉಳಿದ ಎಂಟೆಲ್ಲಿ?’ ಎಂದು ಕೇಳುವುದು ವಾಕ್ಛಲ. ನ್ಯಾಯಸೂತ್ರದ ಭಾಷ್ಯಕಾರ ವಾತ್ಸ್ಯಾಯನನು ಕೊಡುವ ಉದಾಹರಣೆ ಇದೇ. ಯಕ್ಷಗಾನದ ಪದಗಳಿಗೆ ಕುಳಿತು ಮಾತು ಕಟ್ಟುವ ತಾಳಮದ್ದಳೆಯಲ್ಲಿ, ಕವಿ ಪಾರ್ತಿಸುಬ್ಬನ ಪ್ರಸಂಗದ ವಾಲಿಗೆ ಅರ್ಥ ಹೇಳುತ್ತಿದ್ದ ಕಾಲದಲ್ಲಿ ಇಂಥ ಪೇಚಿಗೆ ಚಪ್ಪಾಳೆ ಬೀಳುವುದನ್ನು ಕಂಡಿದ್ದೇನೆ. ತಾಳಮದ್ದಳೆಯಲ್ಲಿ ಬೆಳಗಾದರೆ ಯಾರಿಗೂ ನಷ್ಟವಿಲ್ಲ, ಕೋರ್ಟಿನಲ್ಲಿ ಹಾಗಲ್ಲ.

ನಮ್ಮ ಜಾಗದ ವ್ಯಾಜ್ಯದ ಕಥೆಯನ್ನು ಮತ್ತೆ ಹೇಳುವುದಿಲ್ಲ. ಅದರಲ್ಲಿ ಒಂದು ಮಾತ್ರ ಈಗಲೂ ಚುಚ್ಚುತ್ತದೆ. ನಮ್ಮ ಕಡೆಯ ವೃದ್ಧ ಸಾಕ್ಷಿ ತುಳುವಿನಲ್ಲಿ ‘ತೋಡಿನ (ಹಳ್ಳದ) ಆಚೆ’ ಎಂಬರ್ಥದ ಮಾತನ್ನು ತನ್ನ ಮನೆಯಂಗಳದಿಂದ ನೋಡಿದಂತೆ ಹೇಳಿದ್ದರು. ಎದುರಿನ ವಕೀಲರು ಅದನ್ನು ನಮ್ಮ ಮನೆಯ ಕಡೆಯಿಂದ ನೋಡಿದ ‘ಆಚೆ’ಯೆಂದು ಹಿಡಿದು ಗಡಿಯನ್ನೇ ತಿರುಗಿಸಿದರು. ‘ನೀವು ಎಲ್ಲಿ ನಿಂತು ಹೇಳುತ್ತಿದ್ದೀರಿ’ ಎಂದು, ಪಾಟೀಸವಾಲಿನ ನಂತರ ನಮ್ಮ ಸಾಕ್ಷಿಯನ್ನು ನಮ್ಮವರೇ ಮತ್ತೆ ಪ್ರಶ್ನಿಸುವ ಮರುವಿಚಾರಣೆಯಲ್ಲಿ ಕೇಳುವವರು ನಮ್ಮ ಪರವಾಗಿ ಇರಲಿಲ್ಲ. ಚುರುಕು ನಾಲಗೆಯ ವಕೀಲರನ್ನು ಹಿಡಿಯುವುದು ಮರ್ಯಾದಸ್ಥರ ಲಕ್ಷಣವಲ್ಲವೆಂಬ ಭಾವನೆ ಮನೆಯಲ್ಲಿತ್ತು. ಆ ಛಲವನ್ನು ಮುರಿಯಲು ನಿನ್ನಂಥ ಒಬ್ಬಳು ವಿತಂಡವಾದಿ ಅಂದು ನಮಗೆ ಬೇಕಿತ್ತು.

ಕೋರ್ಟಿನ ಮೆಟ್ಟಿಲನ್ನು ಕಕ್ಷಿದಾರನಾಗಿ ಮಾತ್ರ ಹತ್ತಿದ ನಾನು ಪಾಟೀಸವಾಲಿನ ವಿಷಯದಲ್ಲಿ ನಿನಗೆ ಹೇಳುವುದು ಅಧಿಕಪ್ರಸಂಗವಾದೀತು. ಆದರೂ, ತುಳುವಿನಲ್ಲಿ ಆಡಿದ್ದು ಬೇರೆ ಭಾಷೆಗೆ ದಾಟಿ ಕಡತ ಸೇರುವ ಊರು ನಮ್ಮದು. ಸಾಕ್ಷಿ ಆಡಿದ ಮೂಲಮಾತನ್ನು ನಿನ್ನ ಪುಸ್ತಕದಲ್ಲಿ ಬರೆದುಕೊಳ್ಳುವುದು ಸಾಧ್ಯವೇ ನೋಡು. ಸೀನಿಯರರೊಡನೆ ಈ ಕುರಿತು ಈಗಲೇ ವಾದಿಸಬೇಡ ಎನ್ನಬೇಕೆನಿಸುತ್ತದೆ, ಅದು ಸರಿಯೋ ತಿಳಿಯದು. ನಿನ್ನನ್ನು ಅಷ್ಟು ಕಾಡಿದ ಆ ಪ್ರಶ್ನೆ ಯಾವುದು, ಸಾಕ್ಷಿ ಕೊಟ್ಟ ಉತ್ತರವೇನು ಎಂಬುದನ್ನು ಮುಂದಿನ ಕಾಗದದಲ್ಲಿ ಅವರ ಮಾತಿನಲ್ಲಿಯೇ ಬರೆ. ಅದು ವಿತಂಡೆಯೋ ಛಲವೋ ಎಂದು ಇಬ್ಬರೂ ನೋಡೋಣ.

ಇಂತು,
ನಿನ್ನ ದೊಡ್ಡಪ್ಪ