ಸ್ಟಡ್ ಮುರಿದರೆ ಹೆಡ್ ಏಕೆ ಬದಲಿಸಬೇಕು?

ಮಾನ್ಯ ಸಂಪಾದಕರೇ,

ಗಂಗೊಳ್ಳಿ ಬಂದರಿನಿಂದ ಮೀನು ತಂದು ಮನೆಮನೆಗೆ ಮಾರುವ ಒಬ್ಬರು ಕಳೆದ ವಾರ ಕುಂದಾಪುರದ ನನ್ನ ಲೇತ್ ಅಂಗಡಿಗೆ ಬಂದರು. ಅವರಿಗಿಂತ ಮೊದಲು ಅವರ ಬೈಕಿನ ಸದ್ದು ಬಂದಿತ್ತು. ಸೈಲೆನ್ಸರನ್ನು ಎಂಜಿನ್ನಿಗೆ ಬಿಗಿದಿಡುವ, ತಲೆಯಿಲ್ಲದ ಬೋಲ್ಟಿನಂಥ ಎರಡು ಸ್ಟಡ್‌ಗಳಲ್ಲಿ ಒಂದು ಬುಡದಲ್ಲೇ ಮುರಿದಿತ್ತು. ಸಂದಿನಿಂದ ಹೊಗೆ ನುಗ್ಗಿ, ಎಂಜಿನ್ ಸಿಲಿಂಡರಿನ ಮೇಲಿನ ಮುಚ್ಚಳವಾದ ಹೆಡ್ಡಿನ ಮುಂಭಾಗವೆಲ್ಲ ಮಸಿಯಾಗಿತ್ತು. ಕಿಸೆಯಿಂದ ಒಂದು ಚೀಟಿ ತೆಗೆದು ತೋರಿಸಿದರು. ಹೊಸ ಹೆಡ್, ಪ್ಯಾಕಿಂಗ್ (ಗ್ಯಾಸ್ಕೆಟ್), ಕೂಲಿ ಸೇರಿ 5,400 ರೂಪಾಯಿ ಎಂದು ಯಾವುದೋ ಸರ್ವಿಸ್ ಸೆಂಟರಿನವರು ಬರೆದುಕೊಟ್ಟಿದ್ದರು. ಸ್ಟಡ್ ಮುರಿದದ್ದೂ ಅಲ್ಲಿಯೇ, ಅವರು ನಟ್ ಬಿಚ್ಚುವಾಗ. ಆರು ಮಿಲಿಮೀಟರ್ ದಪ್ಪದ ಉಕ್ಕಿನ ಕಡ್ಡಿ ಮುರಿದದ್ದಕ್ಕೆ ಇಡೀ ಹೆಡ್ ಬದಲಿಸಬೇಕಂತೆ!

ಮೂವತ್ತೊಂದು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಕರಾವಳಿಯಲ್ಲಿ ಸ್ಟಡ್ ಹಿಡಿದುಕೊಳ್ಳುವುದು ಹೊಸತೇನಲ್ಲ. ಮುಂದಿನ ಚಕ್ರ ಎರಚುವ ಕೆಸರುನೀರು ನೇರವಾಗಿ ಹೋಗಿ ಬೀಳುವುದು ಸುಡುವ ಸೈಲೆನ್ಸರಿನ ಬಾಯಿಗೆ. ಕಾಯುವುದು, ತಣಿಯುವುದು, ಉಪ್ಪುಗಾಳಿ ಎಲ್ಲವೂ ಅಲ್ಲೇ. ಹೆಡ್ ಅಲ್ಯೂಮಿನಿಯಂ, ಸ್ಟಡ್ ಉಕ್ಕು. ಇವೆರಡರ ನಡುವೆ ಉಪ್ಪುನೀರು ಹೊಕ್ಕರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉಬ್ಬಿ ಥ್ರೆಡ್ಡಿನ ಸಂದುಗಳನ್ನೆಲ್ಲ ತುಂಬಿಬಿಡುತ್ತದೆ. ಅಂಥದ್ದಕ್ಕೆ ಉದ್ದನೆಯ ಸ್ಪ್ಯಾನರ್ ಹಾಕಿ ಜಗ್ಗಿದರೆ ನಟ್ ತಿರುಗುವುದಿಲ್ಲ, ಸ್ಟಡ್ಡೇ ತಿರುಚಿಕೊಂಡು ಮುರಿಯುತ್ತದೆ. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟು, ಬೆಳಿಗ್ಗೆ ಸ್ವಲ್ಪ ಕಾಯಿಸಿ ಬಿಚ್ಚಬೇಕು. ಗಂಟೆಗೆ ಇಷ್ಟು ಗಾಡಿ ಎಂದು ಲೆಕ್ಕ ಹಾಕುವಲ್ಲಿ ಅಷ್ಟು ಪುರುಸೊತ್ತು ಯಾರಿಗಿದೆ?

ಹೆಡ್ಡಿನಿಂದ ಹೊರಗೆ ಉಳಿದಿದ್ದದ್ದು ಅಕ್ಕಿಕಾಳಿನಷ್ಟು ತುಂಡು. ಪೆಟ್ರೋಲ್ ಟ್ಯಾಂಕ್ ಕಳಚಿ ದೂರವಿಟ್ಟೆ, ಬ್ಯಾಟರಿಯ ತಂತಿ ಬಿಚ್ಚಿದೆ. ಆ ತುಂಡಿನ ಮೇಲೆ ಒಂದು ನಟ್ ಕೂರಿಸಿ, ನಟ್ಟಿನ ತೂತಿನೊಳಗೆ 2.5 ಮಿಲಿಮೀಟರ್ ರಾಡಿನಿಂದ ವೆಲ್ಡಿಂಗ್ ತುಂಬಿದೆ. ಉಕ್ಕಿನ ವೆಲ್ಡಿಂಗ್ ಅಲ್ಯೂಮಿನಿಯಂಗೆ ಅಂಟುವುದಿಲ್ಲ, ಸ್ಟಡ್ಡಿಗಷ್ಟೇ ಅಂಟುತ್ತದೆ, ಉಪಾಯವಿರುವುದು ಅಲ್ಲಿ. ಮೊದಲ ನಟ್ ಕಿತ್ತು ಬಂತು. ಎರಡನೆಯದೂ ಬಂತು. ಮೂರನೆಯದು ಹಿಡಿಯಿತು. ಕೆಂಪು ಇಳಿಯುವವರೆಗೆ ಕಾದು, ಇನ್ನೂ ಬಿಸಿ ಇರುವಾಗಲೇ ಸ್ಪ್ಯಾನರ್ ಹಾಕಿ ಅತ್ತ ಕೂದಲೆಳೆಯಷ್ಟು, ಇತ್ತ ಕೂದಲೆಳೆಯಷ್ಟು ಆಡಿಸಿದೆ. ಒಮ್ಮೆ 'ಕಿರ್' ಎಂದಿತು. ಆ ಸದ್ದು ಕೇಳಿದ ಮೇಲೆ ಅವಸರ ಮಾಡಬಾರದು. ಎಣ್ಣೆ ಬಿಡುತ್ತ, ಹಿಂದೆ ಮುಂದೆ ತಿರುಗಿಸುತ್ತ ಹತ್ತು ನಿಮಿಷದಲ್ಲಿ ತುಂಡು ಹೊರಗೆ ಬಂತು. ಥ್ರೆಡ್ ಕೊರೆಯುವ ಟ್ಯಾಪ್ ಹಾಕಿ ಥ್ರೆಡ್ ಶುಚಿ ಮಾಡಿ, ತಾಮ್ರದ ಪೇಸ್ಟ್ ಸವರಿ ಹೊಸ ಸ್ಟಡ್ ಹಾಕಿದೆ. ಒಟ್ಟು 300 ರೂಪಾಯಿ.

ಪ್ರತಿ ಸಲವೂ ಹೀಗೆ ಸಲೀಸಾಗಿ ಬರುತ್ತದೆ ಎಂದರೆ ಸುಳ್ಳಾಗುತ್ತದೆ. ಕೆಲವೊಮ್ಮೆ ತುಂಡಿನ ನಟ್ಟನಡುವೆ ಪಂಚ್ ಹೊಡೆದು 5 ಮಿಲಿಮೀಟರ್ ಡ್ರಿಲ್ ಮಾಡಬೇಕಾಗುತ್ತದೆ. ಡ್ರಿಲ್ ಪಕ್ಕಕ್ಕೆ ಜಾರಿ ಥ್ರೆಡ್ ಕೆಟ್ಟರೆ ತೂತು ದೊಡ್ಡದು ಮಾಡಿ ಹೆಲಿಕಾಯಿಲ್ ಎಂಬ ಸ್ಪ್ರಿಂಗಿನಂಥ ಹೊಸ ಥ್ರೆಡ್ ಕೂರಿಸಬೇಕು. ಅದರಲ್ಲಿಯೂ ಹೆಡ್ ಉಳಿಯುತ್ತದೆ. ನಿಜವಾಗಿ ಹೆಡ್ಡನ್ನು ಕೊಲ್ಲುವುದು, ಮುರಿದ ತುಂಡಿನಲ್ಲಿ ತೂತು ಕೊರೆದು ಒಳಗೆ ಕಚ್ಚಿಸಿ ತಿರುಗಿಸಿ ತೆಗೆಯಲೆಂದೇ ಇರುವ ಈಸಿ ಔಟ್ ಎಂಬ ಉಪಕರಣ. ಹೆಸರು ಇಟ್ಟವನಿಗೆ ಒಳ್ಳೆಯ ಹಾಸ್ಯಪ್ರಜ್ಞೆ ಇದ್ದಿರಬೇಕು. ತುಕ್ಕು ಹಿಡಿದ ಸಣ್ಣ ಸ್ಟಡ್ಡಿಗೆ ಅದನ್ನು ಹಾಕಿ ತಿರುಚಿದರೆ ಅದೇ ಒಳಗೆ ಮುರಿಯುತ್ತದೆ. ಅದು ಎಷ್ಟು ಗಟ್ಟಿ ಎಂದರೆ ಸಾಮಾನ್ಯ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತದೆಯೇ ಹೊರತು ಕೊರೆಯುವುದಿಲ್ಲ. ಕೆಲಸ ಕಲಿಯುವಾಗ ನಾನೂ ಹಾಗೆ ಒಂದನ್ನು ಮುರಿದವನೇ. ನನ್ನ ಗುರುಗಳು ಬೈಯಲಿಲ್ಲ. ಹೆಡ್ಡನ್ನು ನನ್ನ ಕೈಯಲ್ಲಿಟ್ಟು ಬಸ್ಸಿನಲ್ಲಿ ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶಕ್ಕೆ ಕಳಿಸಿದರು. ಅಲ್ಲಿ ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಸ್ಪಾರ್ಕ್ ಎರೋಷನ್ ಯಂತ್ರದಲ್ಲಿ ಅದನ್ನು ಸುಟ್ಟು ತೆಗೆಸಿದ ಖರ್ಚು ನನ್ನ ಸಂಬಳದಲ್ಲಿ ಹೋಯಿತು.

ಸರ್ವಿಸ್ ಸೆಂಟರುಗಳ ಮೇಲೆ ನನಗೆ ದ್ವೇಷವಿಲ್ಲ, ಅಲ್ಲಿನ ಹುಡುಗರು ಎಷ್ಟೋ ಬಾರಿ ನನ್ನಲ್ಲಿಗೇ ಗುಟ್ಟಾಗಿ ಹೆಡ್ ತರುತ್ತಾರೆ. ನನ್ನ ತಕರಾರು ಆ ಚೀಟಿಯ ಬಗ್ಗೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ 'ದುರಸ್ತಿಯ ಹಕ್ಕು' (ರೈಟ್ ಟು ರಿಪೇರ್) ಎಂಬ ಜಾಲತಾಣ ತೆರೆಯಿತು, ಅದರಲ್ಲಿ ವಾಹನಗಳೂ ಸೇರಿವೆ. ಆದರೆ ಮೀನಿನ ಬಾಕ್ಸ್ ಕಟ್ಟಿಕೊಂಡು ಬೆಳಿಗ್ಗೆ ಐದಕ್ಕೆ ಹೊರಡುವವರಿಗೆ ಜಾಲತಾಣಕ್ಕಿಂತ ಚೀಟಿಯಲ್ಲಿ ಒಂದು ಸಾಲು ಹೆಚ್ಚು ಉಪಯೋಗಕ್ಕೆ ಬರುತ್ತದೆ: 'ಸ್ಟಡ್ ಮುರಿದಿದೆ, ಲೇತಿನಲ್ಲಿ ತೆಗೆಸಬಹುದು, ಆಗದಿದ್ದರೆ ಹೆಡ್'. ಬಿಚ್ಚುವ ಮೊದಲೇ ಮುರಿಯುವ ಸಂಭವವಿದ್ದರೆ ಅದನ್ನೂ ಗಿರಾಕಿಗೆ ಹೇಳಬೇಕು. ಹೆಡ್ ಬದಲಿಸಿದರೆ ಹಳೆಯದನ್ನು ಅವರಿಗೇ ಕೊಡಬೇಕು. ಸಾರಿಗೆ ಇಲಾಖೆ ಇಷ್ಟನ್ನು ಕಡ್ಡಾಯ ಮಾಡಲಿ.

ಅವರ ಬೈಕಿನ ಇನ್ನೊಂದು ಸ್ಟಡ್ಡೂ ಸವೆದು ಸಪೂರವಾಗಿದೆ. ಅಂದೇ ತೆಗೆಯೋಣ ಎಂದೆ, ಬಾಕ್ಸಿನಲ್ಲಿ ಐಸ್ ಕರಗುತ್ತಿದೆ ಎಂದು ಹೊರಟುಬಿಟ್ಟರು. ಮಳೆಗಾಲಕ್ಕೆ ಮುಂಚೆ ಬನ್ನಿ ಎಂದಿದ್ದೇನೆ.

– ಒಬ್ಬ ಟರ್ನರ್, ಕುಂದಾಪುರ