ಕಲ್ಲುಸೇತುವೆಗಳ ನಾಡಿಗೆ ಹೊರಟಿರುವ ಮಗಳಿಗೊಂದು ಪತ್ರ

ಚಿರಂಜೀವಿ ಮಗಳಿಗೆ ಅಮ್ಮನ ಆಶೀರ್ವಾದಗಳು.

ಅಕ್ಟೋಬರ್ ರಜೆಗೆ ಗ್ರೀಸಿಗೆ ಹೋಗುವ ಆಸೆಯಿದೆ, ಆದರೆ ಸಾಂಟೊರಿನಿಯ ಜನಜಂಗುಳಿ ಬೇಡ ಎಂದು ನೀನು ಬರೆದಿದ್ದೆ. ಹಾಗಿದ್ದರೆ ಎಪಿರಸ್‌ಗೆ ಹೋಗು. ಅಲ್ಬೇನಿಯಾದ ಗಡಿ, ಅಯೋನಿಯನ್ ಸಮುದ್ರ ಮತ್ತು ಪಿಂಡಸ್ ಪರ್ವತಸಾಲುಗಳ ನಡುವೆ, ಗ್ರೀಸಿನ ವಾಯವ್ಯ ಮೂಲೆಯಲ್ಲಿರುವ ಈ ಸೀಮೆಯನ್ನು ನಾನೂ ನಿನ್ನ ಅಪ್ಪನೂ ಸುತ್ತಿ ಬಂದ ಮೇಲೆ, ಗ್ರೀಸ್ ಎಂದರೆ ನನಗೆ ಬಿಳಿ ಗೋಡೆ, ನೀಲಿ ಕಡಲು ನೆನಪಾಗುವುದಿಲ್ಲ. ಬೂದುಬಣ್ಣದ ಕಲ್ಲು ಮತ್ತು ಬೆಟ್ಟದ ಹೊಳೆಗಳು ನೆನಪಾಗುತ್ತವೆ.

ನಿನ್ನ ಹೆಚ್ಚಿನ ಸಮಯವನ್ನು ಝಾಗೋರಿಗೆ ಕೊಡು. ಬೆಟ್ಟಗಳ ಮಡಿಲಲ್ಲಿ ಹರಡಿರುವ 46 ಹಳ್ಳಿಗಳ ಆ ಪ್ರದೇಶವನ್ನು ಯುನೆಸ್ಕೊ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಗೋಡೆ ಕಲ್ಲಿನದು, ಚಾವಣಿ ಕಲ್ಲಿನದು, ಓಣಿಯ ಹಾಸೂ ಕಲ್ಲಿನದೇ. ಬೇಸಾಯಕ್ಕೆ ಹೇಳಿಕೊಳ್ಳುವಂಥ ನೆಲವಿಲ್ಲದ ಈ ಬೆಟ್ಟಗಳಲ್ಲಿ ಅಷ್ಟು ದೊಡ್ಡ ಮನೆಗಳನ್ನು ಯಾರು ಕಟ್ಟಿಸಿದರು ಎಂಬ ಪ್ರಶ್ನೆ ನಿನಗೂ ಬರುತ್ತದೆ. ಆಟೊಮನ್ ತುರ್ಕರ ಆಳ್ವಿಕೆಯಲ್ಲಿಯೂ ತಮ್ಮ ಆಡಳಿತವನ್ನು ಬಹುಮಟ್ಟಿಗೆ ತಾವೇ ನಡೆಸಿಕೊಳ್ಳುವ ಹಕ್ಕನ್ನು ಪಡೆದಿದ್ದ ಝಾಗೋರಿಯ ಗಂಡಸರು ವ್ಯಾಪಾರಕ್ಕೆಂದು ಇಸ್ತಾಂಬುಲ್‌ಗೆ, ಇಂದಿನ ರೊಮೇನಿಯಾದ ಪಟ್ಟಣಗಳಿಗೆ ಹೋಗಿ ವರ್ಷಗಟ್ಟಲೆ ಅಲ್ಲಿಯೇ ಇರುತ್ತಿದ್ದರು. ಅವರು ಕಳುಹಿಸಿದ ಹಣದಿಂದಲೇ ಊರುಗಳಲ್ಲಿ ಶಾಲೆ, ಚರ್ಚು, ಸೇತುವೆಗಳು ಎದ್ದವು. ಮನೆ, ಹೊಲ, ಹಿರಿಯರು, ಮಕ್ಕಳು ಎಲ್ಲವನ್ನೂ ನೋಡಿಕೊಂಡವರು ಊರಿನಲ್ಲಿ ಉಳಿದ ಹೆಂಗಸರು. ನೀನು ಜರ್ಮನಿಯಲ್ಲಿರುವುದರಿಂದಲೋ ಏನೋ, ಅಲ್ಲಿ ಓಡಾಡುವಾಗ ನನಗೆ ಈ ಸಂಗತಿಯೇ ಮತ್ತೆ ಮತ್ತೆ ಮನಸ್ಸಿಗೆ ಬರುತ್ತಿತ್ತು.

ಕೀಪಿ ಎಂಬ ಹಳ್ಳಿಯ ಸುತ್ತಮುತ್ತಲೇ ಹಲವು ಸೇತುವೆಗಳಿವೆ. 1750ರಲ್ಲಿ ಕಟ್ಟಿದ ಕೊಕ್ಕೋರಿಸ್ ಸೇತುವೆ ಎರಡು ಬಂಡೆಗಳ ನಡುವೆ ಒಂದೇ ಕಮಾನಿನಲ್ಲಿ ನೆಗೆದಿದೆ. 1814ರ ಪ್ಲಾಕಿಡಾಸ್ ಸೇತುವೆಗೆ ಮೂರು ಕಮಾನು. ಹಣ ಕೊಟ್ಟವರ ಅಥವಾ ದುರಸ್ತಿ ಮಾಡಿಸಿದವರ ಹೆಸರಿನಿಂದಲೇ ಇಂಥ ಸೇತುವೆಗಳನ್ನು ಕರೆಯುವುದು ಅಲ್ಲಿನ ರೂಢಿ. ಸೇತುವೆ ದಾಟಿ ಮುಂದೆ ಹೋಗಿಬಿಡಬೇಡ, ಹೊಳೆಯ ಪಾತ್ರಕ್ಕಿಳಿದು ಕೆಳಗಿನಿಂದ ಕಮಾನನ್ನು ನೋಡು. ಕಟ್ಟಿದವರ ಲೆಕ್ಕಾಚಾರ ಎಷ್ಟು ಸೂಕ್ಷ್ಮವಾದದ್ದೆಂಬುದು ಅಲ್ಲಿಂದಲೇ ತಿಳಿಯುತ್ತದೆ. ಆರಾಕ್ಥೋಸ್ ನದಿಗೆ 1866ರಲ್ಲಿ ಕಟ್ಟಿದ್ದ, ಸುಮಾರು 40 ಮೀಟರ್ ಅಗಲದ ಕಮಾನಿನ ಪ್ಲಾಕಾ ಸೇತುವೆ 2015ರ ಫೆಬ್ರುವರಿಯ ಪ್ರವಾಹದಲ್ಲಿ ಕುಸಿದುಬಿತ್ತು. ಅದನ್ನು ಹಳೆಯ ರೂಪದಲ್ಲಿಯೇ ಮತ್ತೆ ಎತ್ತಿ ನಿಲ್ಲಿಸಿದ್ದಾರೆ.

ಇದೇ ನದಿಯ ಕೆಳಭಾಗದಲ್ಲಿ ಆರ್ಟಾ ಪಟ್ಟಣದ ಸೇತುವೆಯಿದೆ. ಅದರ ಬಗೆಗಿನ ಜನಪದ ಗೀತೆಯ ಕಥೆಯನ್ನು ನೀನು ತಿಳಿದುಕೊಂಡೇ ಹೋಗಬೇಕು. ಹಗಲೆಲ್ಲ ಕಟ್ಟಿದ್ದು ರಾತ್ರಿ ಕುಸಿಯುತ್ತದೆ. ಮೇಸ್ತ್ರಿಯ ಹೆಂಡತಿಯನ್ನು ಅಡಿಪಾಯದಲ್ಲಿ ಹೂಳದ ಹೊರತು ಸೇತುವೆ ನಿಲ್ಲದೆಂದು ಒಂದು ಹಕ್ಕಿ ಬಂದು ಹೇಳುತ್ತದೆ. ಕಳೆದ ಉಂಗುರವನ್ನು ಹುಡುಕುವ ನೆಪದಲ್ಲಿ ಆಕೆಯನ್ನು ಕೆಳಗಿಳಿಸುತ್ತಾರೆ. ನಮ್ಮ ‘ಕೆರೆಗೆ ಹಾರ’ದ ಭಾಗೀರಥಿಯನ್ನು ಚಿಕ್ಕಂದಿನಿಂದ ಕೇಳಿ ಬೆಳೆದ ನಮಗೆ ಈ ಕಥೆ ಹೊಸದೆನಿಸುವುದಿಲ್ಲ. ಆದರೆ ಭಾಗೀರಥಿ ಮೌನವಾಗಿ ಕೆರೆಗಿಳಿಯುತ್ತಾಳೆ, ಆರ್ಟಾದ ಹೆಣ್ಣು ಶಪಿಸುತ್ತಾಳೆ: ಈ ಸೇತುವೆ ಎಲೆಯಂತೆ ನಡುಗಲಿ, ದಾಟುವವರು ಉದುರಿಬೀಳಲಿ ಎನ್ನುತ್ತಾಳೆ. ಪರದೇಶದಲ್ಲಿರುವ ಆಕೆಯ ತಮ್ಮನೇ ಒಂದು ದಿನ ಇದನ್ನು ದಾಟಿ ಬರಬಹುದು ಎಂದು ನೆನಪಿಸಿದಾಗ ಮಾತ್ರ ಶಾಪವನ್ನು ಹಿಂದೆಗೆದುಕೊಳ್ಳುತ್ತಾಳೆ. ಸೇತುವೆಯ ಮೇಲೆ ನಿಂತು ಈ ಕಥೆಯನ್ನು ನೆನೆದಾಗ ನನಗೆ ಕಣ್ಣು ತುಂಬಿ ಬಂದಿತ್ತು.

ಝಾಗೋರಿಯಲ್ಲಿರುವ ವಿಕೋಸ್ ಕಮರಿಯನ್ನು ಮೊದಲು ಮೇಲಿನಿಂದ, ಒಕ್ಸ್ಯಾ ಎಂಬ ವೀಕ್ಷಣಾ ಸ್ಥಳದಿಂದ ನೋಡು. ಮೊನೊಡೆಂಡ್ರಿ ಎಂಬ ಹಳ್ಳಿಯಿಂದ ಕಮರಿಯ ತಳಕ್ಕಿಳಿದು ವಿಕೋಸ್ ಹಳ್ಳಿಯವರೆಗೆ ನಡೆಯಲು ಹೆಚ್ಚುಕಡಿಮೆ ಒಂದು ದಿನ ಬೇಕು. ಬೇಸಿಗೆಯಲ್ಲಿ ಮೇಲಿನ ಪಾತ್ರ ಒಣಗಿದ್ದರೂ ಕೊನೆಯಲ್ಲಿ ವೊಯ್ಡೊಮಾಟಿಸ್ ನದಿ ಬಂಡೆಗಳ ಬುಡದಿಂದ ತಿಳಿಯಾಗಿ, ಕೈಯಿಡಲಾಗದಷ್ಟು ತಣ್ಣಗೆ ಚಿಮ್ಮುತ್ತದೆ. ಈ ಕಮರಿಯ ಗಿಡಮೂಲಿಕೆಗಳಿಂದ ಔಷಧ ಮಾಡುತ್ತಿದ್ದ ಹಳ್ಳಿವೈದ್ಯರು ಹಿಂದೆ ದೂರದ ಊರುಗಳವರೆಗೂ ಹೆಸರಾಗಿದ್ದರು. ಕೆಲವು ಹಳ್ಳಿಗಳ ಮೇಲಿನ ಇಳಿಜಾರಿನಲ್ಲಿ ದಟ್ಟವಾದ ಹಳೆಯ ಮರಗಳು ಕಾಣುತ್ತವೆ. ಕೊಡಗಿನ ದೇವರಕಾಡುಗಳಂತೆ ಅಲ್ಲಿಯೂ ಕಡಿದವರಿಗೆ ಚರ್ಚಿನ ಬಹಿಷ್ಕಾರ ತಟ್ಟುತ್ತದೆಂಬ ಭಯವೇ ಕಾಡನ್ನು ಉಳಿಸಿತು, ಆ ಕಾಡು ಊರನ್ನು ಭೂಕುಸಿತದಿಂದ ಉಳಿಸಿತು.

1940ರಲ್ಲಿ ಇಟಲಿಯ ಸೈನ್ಯ ಗ್ರೀಸಿನ ಮೇಲೆ ಬಂದದ್ದೂ ಈ ಬೆಟ್ಟಗಳ ಮೂಲಕವೇ. ಆಗ ಮದ್ದುಗುಂಡುಗಳನ್ನು ಬೆನ್ನಿನ ಮೇಲೆ ಹೊತ್ತು ಹಿಮದ ದಾರಿಗಳಲ್ಲಿ ಸೈನಿಕರಿಗೆ ತಲುಪಿಸಿದವರು ಇಲ್ಲಿನ ಹಳ್ಳಿಯ ಹೆಂಗಸರು.

ಎಪಿರಸ್‌ನ ಮುಖ್ಯ ಪಟ್ಟಣವಾದ ಯೊವಾನಿನಾದಲ್ಲಿ ಸರೋವರ, ಕೋಟೆ, ಬೆಳ್ಳಿಕೆಲಸದ ಅಂಗಡಿಗಳು ಇವೆ. ನಿನ್ನ ಅಪ್ಪನಿಗೆ 1822ರಲ್ಲಿ ಆ ಸರೋವರದ ದ್ವೀಪದಲ್ಲಿ ಕೊಲೆಯಾದ, ಈ ಸೀಮೆಯನ್ನು ಆಳಿದ್ದ ಆಟೊಮನ್ ಅಧಿಪತಿ ಅಲಿ ಪಾಶಾನ ಕಥೆಯೇ ದೊಡ್ಡದು. ನನಗೋ, ಕೋಟೆಯೊಳಗಿನ ಹಳೆಯ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. ಶತಮಾನಗಳಿಂದ ಗ್ರೀಕ್ ಮಾತನಾಡುತ್ತ ಬಾಳಿದ್ದ ಅಲ್ಲಿನ ಯಹೂದಿಗಳನ್ನು ನಾಜಿಗಳು 1944ರ ಮಾರ್ಚ್ 25ರಂದು ಹಿಡಿದು ಔಷ್ವಿಟ್ಸ್ ಸಾವಿನ ಶಿಬಿರಕ್ಕೆ ಸಾಗಿಸಿದರು. ಮರಳಿದವರು ತೀರ ಕೆಲವರು.

ಅಲ್ಲಿಂದ ದೊದೋನಾ ಹತ್ತಿರ. ಓಕ್ ಮರದ ಎಲೆಗಳ ಸದ್ದಿನಲ್ಲಿ ಸ್ಯೂಸ್ ದೇವರು ಉತ್ತರ ಹೇಳುತ್ತಾನೆಂದು ನಂಬಿದ್ದ ಈ ಕ್ಷೇತ್ರ ಗ್ರೀಸಿನ ಅತಿ ಪ್ರಾಚೀನ ದೈವವಾಣಿಯ ಸ್ಥಳವೆಂದು ಹೆಸರಾದದ್ದು. ದೊಡ್ಡ ಬಯಲು ರಂಗಮಂದಿರವನ್ನು ಎಲ್ಲರೂ ನೋಡುತ್ತಾರೆ. ಆದರೆ ಭಕ್ತರು ತಮ್ಮ ಪ್ರಶ್ನೆಗಳನ್ನು ಕೊರೆದುಕೊಟ್ಟ ಸೀಸದ ಸಣ್ಣ ತಗಡುಗಳನ್ನು ಯೊವಾನಿನಾದ ವಸ್ತುಸಂಗ್ರಹಾಲಯದಲ್ಲಿ ತಪ್ಪದೆ ನೋಡು. ತನ್ನ ಹೊದಿಕೆ, ದಿಂಬುಗಳು ಕಳೆದಿವೆ, ಹೊರಗಿನವರು ಯಾರಾದರೂ ಕದ್ದರೇ ಎಂದು ಆಗಿಸ್ ಎಂಬವನು ಒಂದು ತಗಡಿನಲ್ಲಿ ಕೇಳಿದ್ದಾನೆ. ರಾಜರ ಯುದ್ಧಗಳಿಗಿಂತ ಇಂಥ ಪ್ರಶ್ನೆಗಳು ಆ ಕಾಲದವರನ್ನು ನಮಗೆ ಹತ್ತಿರ ತರುತ್ತವೆ.

ಯೊವಾನಿನಾಕ್ಕೆ ರೈಲಿಲ್ಲ, ಥೆಸಲೊನೀಕಿ ನಗರದಿಂದ ಬಸ್ಸಿನಲ್ಲಿ ಹೋಗು, ಅಲ್ಲಿಂದ ಮುಂದೆ ಕಾರು ಬಾಡಿಗೆಗೆ ತೆಗೆದುಕೋ, ಏಕೆಂದರೆ ಹಳ್ಳಿಗಳಿಗೆ ಬಸ್ಸುಗಳು ಅಪರೂಪ. ಮಾಂಸ ತಿನ್ನದ ನಿನಗೆ ಸೊಪ್ಪು, ಚೀಸ್ ತುಂಬಿ ಬೇಯಿಸಿದ ಬಗೆಬಗೆಯ ಪೀಟಾಗಳು ಎಲ್ಲ ಊರಿನಲ್ಲಿಯೂ ಸಿಗುತ್ತವೆ. ಅಕ್ಟೋಬರಿನಲ್ಲಿ ಬೆಟ್ಟದ ಮೇಲೆ ಬೇಗ ಕತ್ತಲಾಗುತ್ತದೆ. ಕಮರಿಗಿಳಿಯುವ ದಿನ ಬೆಳಗ್ಗೆ ಬೇಗ ಹೊರಡು, ಉಳಿದುಕೊಂಡ ಮನೆಯವರಿಗೆ ದಾರಿಯನ್ನು ತಿಳಿಸಿ ಹೋಗು.

ಇಂತಿ ನಿನ್ನ ಪ್ರೀತಿಯ
ಅಮ್ಮ