ಫ್ರಿಕ್ಷನ್ ಆ್ಯರೋ ಯಾವ ಕಡೆ ಅಂತ ಮಕ್ಕಳಿಗೆ ಬಿಡಿಸಿ ಹೇಳಿ

ಮಾನ್ಯ ಸಂಪಾದಕರೇ,

ಪಿಯುಸಿ, ಸಿಇಟಿ ಮಕ್ಕಳಿಗೆ ಅಂತ ನಿಮ್ಮ ಪೇಪರ್‌ನಲ್ಲಿ ಬರೋ ಪುಟಾನ ನಮ್ಮ ದಾವಣಗೆರೇಲಿ ತುಂಬಾ ಮಕ್ಕಳು ಕಟ್ ಮಾಡಿ ಇಟ್ಕೋತಾರೆ, ಅದಕ್ಕೇ ಈ ಪತ್ರ ನಿಮಗೇ ಬರೀತಿದೀನಿ. ಘರ್ಷಣೆ, ಅಂದ್ರೆ ಫ್ರಿಕ್ಷನ್, ವಿಷಯ ಬಂದಾಗೆಲ್ಲ ಅದು ಚಲನೆಗೆ ವಿರುದ್ಧ ದಿಕ್ಕಲ್ಲಿರುತ್ತೆ, ಬೆಲೆ ಮ್ಯೂ ಎನ್ (ತಾಗೋ ಮೈಗಳ ಘರ್ಷಣೆ ಗುಣಾಂಕ ಮ್ಯೂ, ಅದನ್ನ ಮೈ ಲಂಬವಾಗಿ ಒತ್ತೋ ಬಲ ಎನ್‌ನಿಂದ ಗುಣಿಸಿದ್ದು), ಅಂತ ಎರಡೇ ಮಾತಲ್ಲಿ ಮುಗಿಸಿಬಿಡ್ತಾರೆ. ಜಾರ್ತಾ ಇರೋ ವಸ್ತುವಿಗೆ ಇದು ಸರಿ. ಆದ್ರೆ ಅಲ್ಲಾಡದೇ ನಿಂತಿರೋ ವಸ್ತುವಿಗೆ ಚಲನೆಯೇ ಇಲ್ವಲ್ಲ, ಯಾವುದಕ್ಕೆ ವಿರುದ್ಧ ಅಂತ ಮಗು ಚಿತ್ರದಲ್ಲಿ ಬಲದ ದಿಕ್ಕು ತೋರಿಸೋ ಆ್ಯರೋ ಹಾಕ್ಬೇಕು? ಅಲ್ಲಿಂದ ಊಹೆ ಶುರು ಆಗುತ್ತೆ, ಮಾರ್ಕ್ಸೂ ಹೋಗುತ್ತೆ.

ನಮ್ಮ ಎಪಿಎಂಸಿ ಯಾರ್ಡಲ್ಲಿ ಮೆಕ್ಕೆಜೋಳದ ಸೀಸನ್ನಲ್ಲಿ ಲಾರಿಗೆ ಹಲಗೆ ಒರಗಿಸಿ ಚೀಲ ಮೇಲಕ್ಕೆ ಎಳೀತಿದಾರೆ ಅಂತ ಇಟ್ಕೊಳ್ಳಿ. ಚೀಲ 50 ಕೆಜಿ, ಹಲಗೆ 30 ಡಿಗ್ರಿ ಇಳಿಜಾರು, ಮ್ಯೂ 0.6, ಗುರುತ್ವದ ಜಿ 10 ಅಂತ ತಗೊಳ್ಳೋಣ. ಚೀಲದ ತೂಕ 500 ನ್ಯೂಟನ್, ಅದರಲ್ಲಿ ಹಲಗೆ ಉದ್ದಕ್ಕೆ ಕೆಳಗೆ ಎಳೆಯೋದು 250. ಹಲಗೆ ಚೀಲಾನ ಲಂಬವಾಗಿ ಒತ್ತೋದು ಸುಮಾರು 433, ಅಂದ್ರೆ ಘರ್ಷಣೆ ಜಾಸ್ತಿ ಅಂದ್ರೆ 260ರವರೆಗೆ ಹೋಗಬಹುದು. ಯಾರೂ ಮುಟ್ಟದೇ ಇದ್ದಾಗ ಚೀಲ ಅಲ್ಲೇ ನಿಂತಿದೆ, ಘರ್ಷಣೆ ಮೇಲಕ್ಕೆ 250. ಹಮಾಲಿ ಹಲಗೆ ಉದ್ದಕ್ಕೆ ಹಗ್ಗದಲ್ಲಿ 100 ನ್ಯೂಟನ್ ಎಳೆದ, ಘರ್ಷಣೆ ಈಗ ಮೇಲಕ್ಕೆ 150 ಅಷ್ಟೇ. 250 ಎಳೆದ್ರೆ ಸೊನ್ನೆ. 400 ಎಳೆದ್ರೆ ಅದೇ ಘರ್ಷಣೆ ತಿರುಗಿ ಕೆಳಮುಖ ಆಗುತ್ತೆ, 150. ಎಳೆತ 510 ದಾಟಿದ ಮೇಲೇ ಚೀಲ ಮೇಲಕ್ಕೆ ಜಾರೋದು. ಇಷ್ಟೂ ಹೊತ್ತು ಚೀಲ ಒಂದಿಂಚೂ ಕದಲಿಲ್ಲ, ಆದ್ರೂ ಘರ್ಷಣೆಯ ದಿಕ್ಕೂ ಬದಲಾಯ್ತು, ಬೆಲೆಯೂ ಬದಲಾಯ್ತು. ಈಗ ಮ್ಯೂ ಎನ್ ಅಂತ ಬಾಯಿಪಾಠ ಮಾಡಿದ ಹುಡುಗ ಏನು ಮಾಡ್ತಾನೆ ನೋಡಿ, ಯಾರೂ ಎಳೆಯದ ಚೀಲಕ್ಕೂ ಮೇಲಕ್ಕೆ 260 ಅಂತ ಬರೀತಾನೆ. ಕೆಳಗೆ 250, ಮೇಲೆ 260, ಅಂದ್ರೆ ಚೀಲ ತಾನಾಗೇ ಹಲಗೆ ಹತ್ತಬೇಕು! ಈ ಒಂದು ಲೆಕ್ಕಾನ ಬೋರ್ಡ್ ಮೇಲೆ ಪೂರ್ತಿ ಮಾಡಿ ತೋರಿಸಿದ್ರೆ ಸಾಕು, ಮ್ಯೂ ಎನ್ ಅನ್ನೋದು ಮೇಲ್ಮಿತಿ, ಯಾವಾಗ್ಲೂ ಇರೋ ಬೆಲೆ ಅಲ್ಲ ಅನ್ನೋದು ಮಕ್ಕಳಿಗೆ ಅರ್ಥ ಆಗುತ್ತೆ. ಫ್ರೆಂಚ್ ವಿಜ್ಞಾನಿಗಳಾದ ಅಮಾಂಟನ್ಸ್ 1699ರಲ್ಲಿ, ಆಮೇಲೆ ಕೂಲಂಬ್ 1780ರ ದಶಕದಲ್ಲಿ ಕೊಟ್ಟ ನಿಯಮ ನಿಂತ ವಸ್ತುವಿಗೆ ಹೇಳೋದೂ ಇಷ್ಟೇ.

ಹಾಗಾದ್ರೆ ದಿಕ್ಕು ಕಂಡುಹಿಡಿಯೋದು ಹೇಗೆ? ಘರ್ಷಣೆ ಬಿಟ್ಟು ಉಳಿದ ಬಲಗಳನ್ನೆಲ್ಲ ಚಿತ್ರದಲ್ಲಿ ಹಾಕಿ, ಘರ್ಷಣೆಗೆ ಯಾವುದೋ ಒಂದು ಕಡೆ ಆ್ಯರೋ ಹಾಕಿ, ಸಮತೋಲನದ ಸಮೀಕರಣ ಬರೆದು ಬಿಡಿಸಿ. ಉತ್ತರ ಪ್ಲಸ್ ಬಂದ್ರೆ ಹಾಕಿದ ದಿಕ್ಕು ಸರಿ, ಮೈನಸ್ ಬಂದ್ರೆ ಅದಕ್ಕೆ ಉಲ್ಟಾ. ಆಮೇಲೆ ಬಂದ ಬೆಲೆ ಮ್ಯೂ ಎನ್ ಒಳಗಿದೆಯಾ ಅಂತ ನೋಡಿ, ದಾಟಿದ್ರೆ ವಸ್ತು ನಿಲ್ಲೋದೇ ಇಲ್ಲ, ನಿಂತಿದೆ ಅಂತ ನಾವು ಅಂದ್ಕೊಂಡಿದ್ದೇ ತಪ್ಪು ಅಂತ ಅರ್ಥ. ಮೈನಸ್ ಬಂದ ಕೂಡ್ಲೇ ಮಕ್ಕಳು ಗಾಬರಿಯಾಗಿ ಎಲ್ಲಾ ಹೊಡೆದುಹಾಕಿ ಮೊದಲಿಂದ ಶುರು ಮಾಡ್ತಾರೆ, ಹಾಗೆ ಮಾಡೋ ಅವಶ್ಯಕತೆಯೇ ಇಲ್ಲ ಅಂತ ಯಾರಾದ್ರೂ ಹೇಳ್ಬೇಕು.

ಆದ್ರೆ ಇಲ್ಲೊಂದು ಎಚ್ಚರಿಕೆ ಇದೆ, ಇದನ್ನ ಗೈಡುಗಳಲ್ಲಿ ಹೇಳೋದು ಅಪರೂಪ. ಪ್ರಶ್ನೇಲಿ "ಜಾರುವ ಹಂತದಲ್ಲಿದೆ" ಅಂತ ಕೊಟ್ಟು ನಾವು ಘರ್ಷಣೆ ಜಾಗದಲ್ಲಿ ನೇರ ಮ್ಯೂ ಎನ್ ಹಾಕಿಬಿಟ್ರೆ ಆಗ ದಿಕ್ಕು ಊಹೆ ಮಾಡೋ ಹಾಗಿಲ್ಲ. ತಪ್ಪು ಕಡೆ ಹಾಕಿದ್ರೆ ಮೈನಸ್ ಬಂದು ನಮ್ಮನ್ನ ಎಚ್ಚರಿಸುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಉತ್ತರವೇ ತಪ್ಪಾಗಿ ಬಂದು ಕೂರುತ್ತೆ. ಅಂಥಾ ಕಡೆ ಮಾತ್ರ, ಘರ್ಷಣೆ ಇಲ್ದೇ ಹೋಗಿದ್ರೆ ಎರಡು ಮೈ ತಾಗೋ ಜಾಗ ಯಾವ ಕಡೆ ಜಾರ್ತಿತ್ತು ಅಂತ ಯೋಚನೆ ಮಾಡಿ ಅದಕ್ಕೆ ಎದುರು ಹಾಕ್ಬೇಕು.

ಗೋಡೆಗೆ ಒರಗಿಸಿದ ಏಣಿ ಲೆಕ್ಕ ತಗೊಳ್ಳಿ. ಗೋಡೆ ನುಣುಪು ಅಂತ ಕೊಟ್ಟಿದ್ರೆ ಕಷ್ಟವೇ ಇಲ್ಲ, ಗೋಡೆ ಏಣಿನ ಹೊರಗೆ ತಳ್ಳುತ್ತೆ, ಅಡ್ಡಡ್ಡ ಇರೋ ಇನ್ನೊಂದೇ ಬಲ ನೆಲದ ಘರ್ಷಣೆ, ಹಾಗಾಗಿ ಅದು ಗೋಡೆ ಕಡೆಗೇ ಇರ್ಬೇಕು. ಗೋಡೆಯೂ ಒರಟಾಗಿದ್ರೆ? ಗೊತ್ತಿಲ್ಲದ ಬಲ ನಾಲ್ಕು (ನೆಲ, ಗೋಡೆ ಎರಡರಲ್ಲೂ ಒತ್ತೋ ಬಲ ಮತ್ತೆ ಘರ್ಷಣೆ), ಸಮೀಕರಣ ಮೂರೇ (ಅಡ್ಡಡ್ಡ ಬಲ, ಮೇಲೆ-ಕೆಳಗಿನ ಬಲ, ತಿರುಗಿಸೋ ಪರಿಣಾಮ). ಏಣಿ ಸುಮ್ನೆ ನಿಂತಿದೆ ಅಂತ ಮಾತ್ರ ಕೊಟ್ಟಿದ್ರೆ ಗೋಡೆ ಹತ್ರದ ಘರ್ಷಣೆ ಎಷ್ಟು, ಮೇಲಕ್ಕಾ ಕೆಳಕ್ಕಾ ಅಂತ ಈ ಮೂರರಿಂದ ಹೇಳೋಕೇ ಆಗಲ್ಲ, ಏಣಿನ ಹೇಗೆ ತಂದು ಒರಗಿಸಿದ್ರು ಅನ್ನೋದರ ಮೇಲೆ ಅದು ಹೋಗುತ್ತೆ. ಜಾರೋ ಹಂತ ಅಂತ ಕೊಟ್ಟಾಗ ಬುಡ ಹೊರಗೆ, ತುದಿ ಕೆಳಗೆ ಜಾರೋಕೆ ನೋಡುತ್ತೆ, ಆಗ ಬುಡದಲ್ಲಿ ಘರ್ಷಣೆ ಗೋಡೆ ಕಡೆಗೆ, ತುದೀಲಿ ಮೇಲಕ್ಕೆ. ಈ ವ್ಯತ್ಯಾಸ ಗೊತ್ತಿಲ್ಲದೇ ಉತ್ತರ ಬರ್ತಿಲ್ಲ ಅಂತ ಎಷ್ಟೋ ಜಾಣ ಮಕ್ಕಳು ಫಿಸಿಕ್ಸೇ ತಮಗೆ ಆಗಲ್ಲ ಅಂದ್ಕೊಳ್ಳೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಪುಸ್ತಕಾನ ಗೋಡೆಗೆ ಕೈಯಲ್ಲಿ ಒತ್ತಿ ಹಿಡಿಯೋ ಲೆಕ್ಕಾನೂ ಹೀಗೇ, ಎರಡರಷ್ಟು ಒತ್ತಿದ್ರೆ ಘರ್ಷಣೆ ಎರಡರಷ್ಟಾಯ್ತು ಅಂತ ಬರೀತಾರೆ. ಕೈ ಗೋಡೆಗೆ ನೇರ ಒತ್ತಿದ್ರೆ ಪುಸ್ತಕದ ತೂಕ ಎಷ್ಟೋ ಘರ್ಷಣೆಯೂ ಅಷ್ಟೇ, ಹೆಚ್ಚಾಗೋದು ಮಿತಿ ಮಾತ್ರ.

ಹಾಗಾಗಿ ನನ್ನ ವಿನಂತಿ ಇಷ್ಟು. ಮುಂದಿನ ಸಲ ಮಾದರಿ ಪ್ರಶ್ನೆ ಹಾಕುವಾಗ ಬರೀ ಕೀ ಆನ್ಸರ್ ಕೊಡಬೇಡಿ, ಪಕ್ಕದಲ್ಲಿ ಬಲಗಳ ಚಿತ್ರ ಹಾಕಿ, ವಸ್ತು ನಿಂತಿದೆಯಾ, ಜಾರೋ ಹಂತದಲ್ಲಿದೆಯಾ, ಜಾರ್ತಿದೆಯಾ ಅಂತ ಮೊದಲು ಬರೆದು ಆಮೇಲೆ ಲೆಕ್ಕ ಶುರು ಮಾಡಿಸಿ. ಜಾಗ ಸಾಲಲ್ಲ ಅಂದ್ರೆ ಹತ್ತು ಪ್ರಶ್ನೆ ಬದಲು ಮೂರೇ ಹಾಕಿ, ಪರವಾಗಿಲ್ಲ.

ಇಂತಿ,
ಒಬ್ಬ ಭೌತಶಾಸ್ತ್ರ ಉಪನ್ಯಾಸಕ, ದಾವಣಗೆರೆ